ಮೆಣಸಿನ ಕುಟುಂಬದ ಗಿಡಗಳನ್ನು ವಿಂಗಡಿಸುವುದು ಹೇಗೆ? ಎಲೆ ಬಿಡಿ, ತೆನೆ ಹಿಡಿಯಿರಿ

ಕಲಬುರಗಿಯ ಗಿಡಪ್ರಿಯರಿಂದ, ಬಿ.ಎಸ್ಸಿ. ಓದುವ ಮಕ್ಕಳಿಂದ ನನಗೆ ಬರುವ ಫೋಟೋಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಹೃದಯದ ಆಕಾರದ ಎಲೆ, ಗೋಡೆಗೆ ಹತ್ತಿದ ಬಳ್ಳಿ, ಕೆಳಗೆ ಒಂದು ಸಾಲು: ‘ಸರ್, ಇದು ಮೆಣಸಿನ ಬಳ್ಳಿ ಅಲ್ವಾ?’ ಹೆಚ್ಚಿನ ಸಲ ಅದು ಮನಿ ಪ್ಲಾಂಟ್ ಆಗಿರುತ್ತದೆ. ಕೆಲವು ಸಲ ಅಮೃತಬಳ್ಳಿ. ನಿಜವಾದ ಮೆಣಸಿನ ಕುಟುಂಬದ ಗಿಡವೊಂದು ಅದೇ ಮನೆಯ ಕುಂಡದಲ್ಲಿ ಕಳೆಯಾಗಿ ಬೆಳೆದಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ.

ಎಲೆಯಿಂದ ಶುರು ಮಾಡುವುದೇ ಇಲ್ಲಿನ ಮೂಲ ತಪ್ಪು. ಈ ಕುಟುಂಬದಲ್ಲಿ ಎಲೆ ಬಹಳ ಮೋಸ ಮಾಡುತ್ತದೆ. ಒಂದೇ ಬಳ್ಳಿಯಲ್ಲಿ ಎರಡು ಮೂರು ಬಗೆಯ ಎಲೆ ಇರಬಹುದು, ಸಂಬಂಧವೇ ಇಲ್ಲದ ಗಿಡಗಳಲ್ಲಿ ಒಂದೇ ಬಗೆಯ ಎಲೆ ಇರಬಹುದು. ಗುರುತು ಇರುವುದು ತೆನೆಯಲ್ಲಿ, ತೆನೆಗೆ ಅಂಟಿಕೊಂಡ ಕಣ್ಣಿಗೆ ಕಾಣದಷ್ಟು ಸಣ್ಣ ಹೂವಿನಲ್ಲಿ. ಜೋಳದ ನಾಡಿನವರಿಗೆ ತೆನೆ ನೋಡುವುದನ್ನು ಹೇಳಿಕೊಡಬೇಕಾಗಿಲ್ಲ. ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದಷ್ಟೇ ಗೊತ್ತಾಗಬೇಕು.

## ಶುರು ಮಾಡುವ ಮೊದಲು: ಮೂರು ಮೆಟ್ಟಿಲು

ವಿಂಗಡಣೆಯಲ್ಲಿ ಮೂರು ಮೆಟ್ಟಿಲು. ಮೊದಲು ಕುಟುಂಬ, ಆಮೇಲೆ ಕುಲ, ಕೊನೆಗೆ ಪ್ರಭೇದ. ಒಂದೊಂದೇ ಹತ್ತಬೇಕು. ಕೆಳಗಿನ ಮೆಟ್ಟಿಲಿನ ಉತ್ತರ ಗಟ್ಟಿಯಾಗದೆ ಮೇಲಿನದಕ್ಕೆ ಹೋಗಬಾರದು.

ಮೆಣಸಿನ ಕುಟುಂಬದ ಹೆಸರು ಪೈಪರೇಸಿ. ಇದರಲ್ಲಿ 5 ಕುಲಗಳಿವೆ, ನಮಗೆ ಬೇಕಾದದ್ದು ಎರಡು. ಒಂದು ಪೈಪರ್: ಕರಿಮೆಣಸು, ವೀಳ್ಯದೆಲೆ, ಹಿಪ್ಪಲಿ ಇದರಲ್ಲಿ ಬರುತ್ತವೆ. ಇನ್ನೊಂದು ಪೆಪರೋಮಿಯಾ: ನರ್ಸರಿಯಲ್ಲಿ ಸಿಗುವ ದಪ್ಪ ಎಲೆಯ ಚಿಕ್ಕ ಕುಂಡದ ಗಿಡಗಳು. ಪೈಪರ್‌ನಲ್ಲಿ 2000ಕ್ಕೂ ಜಾಸ್ತಿ ಪ್ರಭೇದಗಳಿವೆ, ಪೆಪರೋಮಿಯಾದಲ್ಲಿ 1000ಕ್ಕೂ ಜಾಸ್ತಿ. ಉಳಿದ ಮೂರು ಸಣ್ಣ ಕುಲಗಳು ನಮ್ಮ ಕಡೆ ಸಿಗುವುದಿಲ್ಲ, ಅವುಗಳ ಚಿಂತೆ ಬಿಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೆಣಸಿನಕಾಯಿ ಈ ಕುಟುಂಬದ್ದಲ್ಲ. ಅದು ಬದನೆ, ಟೊಮ್ಯಾಟೊ ಕುಟುಂಬದ ಗಿಡ. ಖಾರ ಒಂದೇ ಅಂತ ನಮ್ಮ ಹಿರಿಯರು ಹೆಸರು ಹಂಚಿಕೊಟ್ಟರು. ನೀವು ಮಾಡುವ ಪಟ್ಟಿಯಲ್ಲಿ ಬ್ಯಾಡಗಿ ಬಂದಿದ್ದರೆ ಮೊದಲು ಅದನ್ನು ತೆಗೆಯಿರಿ.

## ನಮ್ಮ ಬಿಸಿಲೂರಲ್ಲಿ ಇವು ಎಲ್ಲಿ ಸಿಗುತ್ತವೆ

ಇವು ತೇವ ಮತ್ತು ನೆರಳು ಬೇಡುವ ಗಿಡಗಳು. ಕಲಬುರಗಿ, ಯಾದಗಿರಿಯ ಎರೆ ಹೊಲದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಾಗಂತ ಮಾದರಿ ಸಿಗುವುದಿಲ್ಲ ಅಂತಲ್ಲ. ಐದು ಕಡೆ ನೋಡಿ.

ನರ್ಸರಿಯ ಹಸಿರು ನೆರಳು ಪರದೆಯ ಕೆಳಗೆ ಪೆಪರೋಮಿಯಾ ಕುಂಡಗಳು ಇರುತ್ತವೆ. ಅದೇ ನರ್ಸರಿಯಲ್ಲಿ ಬೇರೆ ಗಿಡಗಳ ಕುಂಡದ ಮಣ್ಣು ನೋಡಿ. ಹೊರ ಊರಿನಿಂದ ಬಂದ ಮಣ್ಣಿನ ಜೊತೆ ಪೆಪರೋಮಿಯಾ ಪೆಲ್ಯುಸಿಡಾ ಅನ್ನುವ ಕಳೆ ಬಂದಿರುತ್ತದೆ. ಮೂರನೆಯದು ಪಾನ್ ಅಂಗಡಿ. ನಾಲ್ಕನೆಯದು ಮಲೆನಾಡಿಗೆ ಹೋಗಿ ಬಂದವರು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟ ಮೆಣಸಿನ ಬಳ್ಳಿ. ಐದನೆಯದು ಗಂಜಿನ (ಸಗಟು ಪೇಟೆಯ) ಕಿರಾಣಿ ಮತ್ತು ಗಿಡಮೂಲಿಕೆ ಅಂಗಡಿ. ಅಲ್ಲಿ ಕರಿಮೆಣಸು, ಹಿಪ್ಪಲಿ, ಕಬಾಬ್‌ಚೀನಿ (ಬಾಲಮೆಣಸು) ಮೂರೂ ಒಣಗಿದ ರೂಪದಲ್ಲಿ ಸಿಗುತ್ತವೆ.

## ಬೇಕಾದ ಸಾಮಾನು

10 ಪಟ್ಟು ದೊಡ್ಡದು ಮಾಡಿ ತೋರಿಸುವ ಹ್ಯಾಂಡ್ ಲೆನ್ಸ್ ಬೇಕೇ ಬೇಕು. ಪುಸ್ತಕ ಓದುವ ಭೂತಗನ್ನಡಿ ಸಾಲುವುದಿಲ್ಲ, ಅದರಲ್ಲಿ ಈ ಹೂವು ಚುಕ್ಕೆಯಂತೆ ಕಾಣುತ್ತದೆ ಅಷ್ಟೇ. ಜೊತೆಗೆ ಹೊಸ ಬ್ಲೇಡು, ಎರಡು ಹೊಲಿಗೆ ಸೂಜಿ, ಮಿಲಿಮೀಟರ್ ಗೆರೆ ಇರುವ ಸ್ಕೇಲು, ಬಿಳಿ ಕಾಗದ, ಪೆನ್ಸಿಲ್, ನೋಟ್‌ಬುಕ್, ಹಳೆ ಪತ್ರಿಕೆ, ಒದ್ದೆ ಹತ್ತಿ ಬಟ್ಟೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಕೆಂಪು ಶಾಯಿ ಒಂದು ಬಾಟಲಿ ಇದ್ದರೆ ಒಳ್ಳೆಯದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೆನ್ಸ್ ಹಿಡಿಯುವುದರಲ್ಲೇ ಅರ್ಧ ಜನ ಸೋಲುತ್ತಾರೆ. ಕೈ ಚಾಚಿ ಹಿಡಿದರೆ ಏನೂ ಕಾಣುವುದಿಲ್ಲ. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ, ಹೆಬ್ಬೆರಳನ್ನು ಕೆನ್ನೆಗೆ ಊರಿ. ಇನ್ನೊಂದು ಕೈಯಲ್ಲಿ ತೆನೆಯನ್ನು ನಿಧಾನವಾಗಿ ಲೆನ್ಸಿನ ಹತ್ತಿರ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಅದು ಒಮ್ಮೆಲೇ ಸ್ಪಷ್ಟವಾಗುತ್ತದೆ. ಬೆಳಕು ತೆನೆಯ ಮೇಲೆ ಬೀಳಬೇಕು, ನಿಮ್ಮ ತಲೆಯ ನೆರಳು ಬೀಳಬಾರದು. ಹಾಗೆ ಹಿಡಿದ ಲೆನ್ಸಿನಲ್ಲಿ ಸೂರ್ಯನ ಕಡೆ ಮಾತ್ರ ನೋಡಬೇಡಿ.

ಗಿಡ ಗುರುತಿಸುವ ಮೊಬೈಲ್ ಆ್ಯಪ್ ಇದ್ದರೆ ಇರಲಿ, ಅದು ಹೇಳಿದ ಹೆಸರನ್ನು ಸುಳಿವು ಅಂತ ಮಾತ್ರ ಬರೆದುಕೊಳ್ಳಿ. ನೀವು ಕೊಡುವುದು ಎಲೆಯ ಫೋಟೋ, ಅದು ನೋಡುವುದೂ ಎಲೆಯನ್ನೇ.

## ಹಂತ 1: ಮಾದರಿ ಸರಿಯಾಗಿ ತನ್ನಿ

ಬೆಳಗ್ಗೆ ಎಂಟರೊಳಗೆ ಕೆಲಸ ಮುಗಿಸಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಕಿತ್ತ ಚಿಗುರು ಮನೆ ಮುಟ್ಟುವುದರೊಳಗೆ ಜೋತು ಬಿದ್ದಿರುತ್ತದೆ, ಸಣ್ಣ ಹೂವಿನ ಕೇಸರ (ಪರಾಗ ಕೊಡುವ ಗಂಡು ಭಾಗ) ಒಣಗಿ ಮುದುಡಿರುತ್ತದೆ. ಕಿತ್ತ ತಕ್ಷಣ ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಸ್ವಲ್ಪ ಗಾಳಿ ಇಟ್ಟು ಜಿಪ್ ಹಾಕಿ.

ಬರೀ ಎಲೆ ಕಿತ್ತು ತರಬೇಡಿ. ಕನಿಷ್ಠ ಮೂರು ಗೆಣ್ಣು ಇರುವ ತುಂಡು ಬೇಕು. ಬುಡದ ಕಡೆಯ ಎಲೆ, ತುದಿಯ ಎಲೆ ಎರಡೂ ಬೇಕು. ತೆನೆ ಇದ್ದರೆ ಎಳೆಯದು, ಹೂವು ಬಿಟ್ಟದ್ದು, ಕಾಯಿ ಕಟ್ಟಿದ್ದು, ಮೂರು ವಯಸ್ಸಿನವೂ ಬೇಕು. ಗೆಣ್ಣಿನಲ್ಲಿ ಬೇರು ಇದೆಯಾ, ಬಳ್ಳಿ ಹತ್ತಿತ್ತಾ ಹರಡಿತ್ತಾ ಅನ್ನುವುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಅದು ನೆನಪಿರುವುದಿಲ್ಲ.

ಇನ್ನೊಬ್ಬರ ಕುಂಡ, ನರ್ಸರಿಯ ಗಿಡ ಆದರೆ ಕೇಳಿ ಕೀಳಿ. ‘ಅಣ್ಣಾರ, ಈ ಕಳಿ ಒಂದ್ ಕಿತ್ಕೊಳ್ಳಾ?’ ಅಂದರೆ ಇಲ್ಲ ಅನ್ನುವ ನರ್ಸರಿಯವರು ನನಗೆ ಇನ್ನೂ ಸಿಕ್ಕಿಲ್ಲ.

## ಹಂತ 2: ಕುಟುಂಬ ಹೌದಾ ಅಲ್ವಾ?

ತೆನೆಯನ್ನು ಲೆನ್ಸಿನ ಕೆಳಗೆ ಹಿಡಿಯಿರಿ. ನಡುವೆ ಒಂದು ದಂಟು. ಅದರ ಸುತ್ತ ಹೂವುಗಳು ಒತ್ತಾಗಿ ಕೂತಿವೆ. ಒಂದೊಂದು ಹೂವಿನ ಬುಡದಲ್ಲೂ ಒಂದು ಪುಟ್ಟ ಹೊದಿಕೆ. ಹೂವಿಗೆ ಎಸಳಿಲ್ಲ, ಎಸಳಿನ ಕೆಳಗಿನ ಹಸಿರು ಪುಷ್ಪಪಾತ್ರೆಯೂ ಇಲ್ಲ. ಕೇಸರ ಮತ್ತು ಮುಂದೆ ಕಾಯಿಯಾಗುವ ಅಂಡಾಶಯ, ಅಷ್ಟೇ. ಇದೇ ಈ ಕುಟುಂಬದ ಮೊದಲ ಗುರುತು.

ಎರಡನೆಯದು ಕಾಂಡ. ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ನೀರು, ಆಹಾರ ಸಾಗಿಸುವ ನಾಳದ ಕಟ್ಟುಗಳು ಒಂದೇ ಉಂಗುರದಲ್ಲಿ ಇರುವುದಿಲ್ಲ, ಒಳಗೂ ಚದುರಿರುತ್ತವೆ. ಇದನ್ನು ನೋಡಲು ಪೆಲ್ಯುಸಿಡಾ ಕಳೆಯಷ್ಟು ಒಳ್ಳೆಯ ಗಿಡ ಇನ್ನೊಂದಿಲ್ಲ. ಅದರ ಕಾಂಡ ಗಾಜಿನ ಕಡ್ಡಿಯಂತೆ ಪಾರದರ್ಶಕ. ಬುಡವನ್ನು ಓರೆಯಾಗಿ ಕೊಯ್ದು, ಒಂದು ಲೋಟ ನೀರಿಗೆ ಎರಡು ಚಮಚ ಕೆಂಪು ಶಾಯಿ ಹಾಕಿ ಅದರಲ್ಲಿ ನಿಲ್ಲಿಸಿ. ಒಂದೆರಡು ಗಂಟೆಯಲ್ಲಿ ಕೆಂಪು ದಾರಗಳು ಕಾಂಡದೊಳಗೆ ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಆಮೇಲೆ ತೆಳ್ಳಗೆ ಅಡ್ಡ ಬಿಲ್ಲೆ ಕೊಯ್ದು ಬಿಳಿ ಕಾಗದದ ಮೇಲಿಡಿ. ಕೆಂಪು ಚುಕ್ಕೆಗಳು ಅಲ್ಲಲ್ಲಿ ಚೆಲ್ಲಿದಂತೆ ಇರುತ್ತವೆ. ಕೇರಳದಲ್ಲಿ ಈ ಗಿಡಕ್ಕೆ ಮಷಿತ್ತಂಡು ಅನ್ನುತ್ತಾರೆ, ಅಂದರೆ ಶಾಯಿ ಕಡ್ಡಿ. ಈ ಪ್ರಯೋಗವನ್ನು ಒಮ್ಮೆ ಕೈಯಾರೆ ಮಾಡಿದ ಮಕ್ಕಳು ಪರೀಕ್ಷೆಯಲ್ಲಿ ಇದನ್ನು ಮರೆತದ್ದು ನಾನು ನೋಡಿಲ್ಲ. ಆದರೆ ಜೋಳದ ದಂಟಿನಲ್ಲೂ ಕಟ್ಟುಗಳು ಚದುರಿರುತ್ತವೆ. ಹಾಗಾಗಿ ಈ ಗುರುತನ್ನು ತೆನೆಯ ಜೊತೆ ಸೇರಿಸಿ ನೋಡಬೇಕು, ಒಂಟಿಯಾಗಿ ಅಲ್ಲ.

ಮೂರನೆಯದು ವಾಸನೆ. ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ. ವೀಳ್ಯ, ಮೆಣಸಿನ ಎಲೆಗೆ ಘಾಟು ಇರುತ್ತದೆ. ಪೆಪರೋಮಿಯಾದಲ್ಲಿ ಇದು ಕಮ್ಮಿ ಇರಬಹುದು. ವಾಸನೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ.

ಮೂಸಿ, ಆದರೆ ರುಚಿ ನೋಡಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮನಿ ಪ್ಲಾಂಟ್ ಮತ್ತು ಅದರ ಬಳಗದ ಎಲೆಗಳಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಬಾಯಿಗೆ ಹಾಕಿದರೆ ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತದೆ. ಹೆಸರು ಗೊತ್ತಿಲ್ಲದ ಎಲೆ ಜಗಿಯುವುದು ಗುರುತಿಸುವ ವಿಧಾನವೇ ಅಲ್ಲ.

### ಇಲ್ಲೇ ನಿಲ್ಲಿಸಬೇಕಾದ ಸೂಚನೆಗಳು

ಎಲೆ ಕಿತ್ತ ಜಾಗದಲ್ಲಿ ಹಾಲು ಬಂತಾ? ಇದು ಈ ಕುಟುಂಬ ಅಲ್ಲ. ನರ್ಸರಿಯಲ್ಲಿ ‘ಬೇಬಿ ರಬ್ಬರ್ ಪ್ಲಾಂಟ್’ ಅಂತ ಮಾರುವುದು ಪೆಪರೋಮಿಯಾ ಆಬ್ಟುಸಿಫೋಲಿಯಾ, ಅದರಲ್ಲಿ ಹಾಲು ಇಲ್ಲ. ನಿಜವಾದ ರಬ್ಬರ್ ಪ್ಲಾಂಟ್ ಆಲದ ಬಳಗದ್ದು, ಹಾಲು ಸುರಿಯುತ್ತದೆ. ಮೇಣದಂತಹ ಎಲೆಯ ಹೋಯಾ ಬಳ್ಳಿಯಲ್ಲೂ ಸಾಮಾನ್ಯವಾಗಿ ಹಾಲು ಬರುತ್ತದೆ.

ತೆನೆಯ ಬುಡದಲ್ಲಿ ಅದನ್ನು ಸುತ್ತುವ ಅಥವಾ ಹಿಂದೆ ನಿಲ್ಲುವ ಬಣ್ಣದ ದೊಡ್ಡ ಎಲೆ ಇದೆಯಾ, ಆಂಥೂರಿಯಂನಲ್ಲಿ ಇರುವ ಹಾಗೆ? ಅದು ಕೆಸುವಿನ ಕುಟುಂಬ. ಮನಿ ಪ್ಲಾಂಟ್ ಕೂಡ ಆ ಬಳಗದ್ದೇ. ನಮ್ಮ ಮನೆಗಳಲ್ಲಿ ಅದು ಹೂವು ಬಿಡುವುದಿಲ್ಲ, ಆದ್ದರಿಂದ ತೊಟ್ಟು ನೋಡಿ. ಮನಿ ಪ್ಲಾಂಟಿನ ತೊಟ್ಟು ಮೇಲ್ಭಾಗದಲ್ಲಿ ಕಾಲುವೆಯಂತೆ ತಗ್ಗಾಗಿ, ಬುಡದಲ್ಲಿ ಕಾಂಡವನ್ನು ತಬ್ಬಿರುತ್ತದೆ. ಎಲೆಯಲ್ಲಿ ಒಂದು ನಡುನರ, ಅದರಿಂದ ಎರಡೂ ಕಡೆ ಗರಿಯಂತೆ ಸಣ್ಣ ನರಗಳು. ಕರಿಮೆಣಸು, ವೀಳ್ಯ, ಹಿಪ್ಪಲಿಯಲ್ಲಿ ಹಾಗಲ್ಲ, ಎಲೆಯ ಬುಡದಿಂದ ಅಥವಾ ಬುಡದ ಹತ್ತಿರದಿಂದಲೇ 5 ರಿಂದ 9 ದೊಡ್ಡ ನರಗಳು ಹೊರಡುತ್ತವೆ.

ಅಮೃತಬಳ್ಳಿ ಇನ್ನೂ ಜಾಸ್ತಿ ಕಾಡುತ್ತದೆ, ಯಾಕೆಂದರೆ ಅದರಲ್ಲೂ ನರಗಳು ಬುಡದಿಂದಲೇ ಹೊರಡುತ್ತವೆ. ಬಳ್ಳಿಯ ತೊಗಟೆ ನೋಡಿ. ಅಮೃತಬಳ್ಳಿಯದು ಗುಳ್ಳೆಗುಳ್ಳೆಯಾಗಿ, ಕಾಗದದಂತೆ ಸುಲಿದು ಬರುತ್ತದೆ. ಅದರ ಬೇರುಗಳು ದಾರದಂತೆ ಗಾಳಿಯಲ್ಲಿ ಜೋತು ಬೀಳುತ್ತವೆ. ಮೆಣಸಿನ ಬಳ್ಳಿಯ ಗೆಣ್ಣು ಉಬ್ಬಿರುತ್ತದೆ, ಅಲ್ಲಿಂದ ಬಂದ ಚಿಕ್ಕ ಬೇರುಗಳು ಆಸರೆಯನ್ನು ಹಿಡಿದುಕೊಂಡಿರುತ್ತವೆ.

ಇನ್ನೊಂದು, ನಾಣ್ಯದಂತೆ ದುಂಡನೆಯ ಎಲೆಯ ಪೈಲಿಯಾ ಪೆಪರೋಮಿಯಾಯ್ಡಿಸ್. ಹೆಸರಲ್ಲೇ ‘ಪೆಪರೋಮಿಯಾದಂತೆ ಕಾಣುವ’ ಅಂತ ಇದೆ. ಕಾಣುತ್ತದೆ, ಆದರೆ ಅದು ತುರಿಕೆ ಗಿಡದ ಕುಟುಂಬ. ಹೂವು ತೆನೆಯಲ್ಲಿ ಬರುವುದಿಲ್ಲ, ಕವಲೊಡೆದ ಗೊಂಚಲಲ್ಲಿ ಬರುತ್ತದೆ.

## ಹಂತ 3: ಪೈಪರ್ ಅಥವಾ ಪೆಪರೋಮಿಯಾ?

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಹಂತ ಇದು. ಇಲ್ಲಿ ಅವಸರ ಮಾಡಿದವರು ಮುಂದೆ ಪೂರ್ತಿ ದಾರಿ ತಪ್ಪುತ್ತಾರೆ.

‘ಬಳ್ಳಿ ಆದರೆ ಪೈಪರ್, ಚಿಕ್ಕ ಗಿಡ ಆದರೆ ಪೆಪರೋಮಿಯಾ’ ಅನ್ನುವ ಸುಲಭ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದು ಪೂರ್ತಿ ಸರಿಯಲ್ಲ. ಜೋತಾಡುವ ಬುಟ್ಟಿಗಳಲ್ಲಿ ಬಳ್ಳಿಯಾಗಿ ಇಳಿಯುವ ಪೆಪರೋಮಿಯಾ ಉಂಟು. ನೆಟ್ಟಗೆ ಪೊದೆಯಾಗಿ, ಚಿಕ್ಕ ಮರವಾಗಿ ಬೆಳೆಯುವ ಪೈಪರ್‌ಗಳೂ ಉಂಟು.

ಎರಡನೆಯ ಸೂತ್ರ ಕೇಸರದ ಲೆಕ್ಕ. ಪೆಪರೋಮಿಯಾದಲ್ಲಿ ಯಾವಾಗಲೂ 2 ಕೇಸರ. ಪೈಪರ್ ಕುಲದಲ್ಲಿ 2 ರಿಂದ 6, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಗಾದರೆ 2 ಕಂಡರೆ ಪೆಪರೋಮಿಯಾ ಅಂತ ಬರೆಯುತ್ತಾರೆ. ತಪ್ಪು ಇಲ್ಲೇ ಆಗುವುದು. ನಮಗೆ ಪರಿಚಿತವಾದ ಕರಿಮೆಣಸು, ವೀಳ್ಯ, ಹಿಪ್ಪಲಿ ಮೂರರಲ್ಲೂ ಸಾಮಾನ್ಯವಾಗಿ ಇರುವುದು 2 ಕೇಸರವೇ. ಹಾಗಾಗಿ ಈ ಕ್ರಮದಲ್ಲಿ ನೋಡಿ:

1. ಮೊದಲು ಶಲಾಕಾಗ್ರ ನೋಡಿ. ಅಂಡಾಶಯದ ತುದಿಯಲ್ಲಿ ಪರಾಗ ಹಿಡಿಯುವ ಭಾಗ ಅದು. ಪೆಪರೋಮಿಯಾದಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಒಂದು ಪುಟ್ಟ ಕುಂಚದಂತೆ ಅಥವಾ ಚುಕ್ಕೆಯಂತೆ. ಕರಿಮೆಣಸು, ಹಿಪ್ಪಲಿ, ವೀಳ್ಯದಲ್ಲಿ ಅದು 3 ರಿಂದ 5 ಸೀಳಾಗಿ ನಕ್ಷತ್ರದಂತೆ ಹರಡಿರುತ್ತದೆ. ಹೂವು ಅರಳಿದ ತಾಜಾ ತೆನೆಯಲ್ಲಿ ಬಿಳಿ ನಕ್ಷತ್ರ ಎದ್ದು ಕಾಣುತ್ತದೆ. ಒಣಗಿದರೆ ಕಂದಾಗಿ ಕಾಣುವುದೇ ಇಲ್ಲ, ಅದಕ್ಕೇ ಬೆಳಗಿನ ಮಾದರಿ ಬೇಕು ಅಂದದ್ದು.

2. ಅಂಡಾಶಯ, ಕೇಸರ ಎರಡೂ ಒಂದೇ ಹೂವಿನಲ್ಲಿ ಇವೆಯಾ ನೋಡಿ. ಪೆಪರೋಮಿಯಾದ ಹೂವಿನಲ್ಲಿ ಎರಡೂ ಇರುತ್ತವೆ. ನಿಮ್ಮ ತೆನೆಯಲ್ಲಿ ಬರೀ ಕೇಸರ ಇದ್ದು ಅಂಡಾಶಯ ಇಲ್ಲದಿದ್ದರೆ ಅದು ಪೈಪರ್‌ನ ಗಂಡು ತೆನೆ. ವೀಳ್ಯ ಮತ್ತು ಹಿಪ್ಪಲಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡು ತೆನೆಯಲ್ಲಿ ಶಲಾಕಾಗ್ರ ಹುಡುಕಿ ಸುಸ್ತಾದವರು ‘ಶಲಾಕಾಗ್ರ ಇಲ್ಲ’ ಅಂತ ಬರೆದು ಹೊಸ ಪ್ರಭೇದ ಸಿಕ್ಕಿತು ಅಂದುಕೊಂಡದ್ದೂ ಇದೆ.

3. ಆಮೇಲೆ ಪರಾಗಕೋಶ, ಅಂದರೆ ಕೇಸರದ ತುದಿಯಲ್ಲಿರುವ ಪರಾಗದ ಚೀಲ. ಸೂಜಿಯಿಂದ ಒಂದು ಕೇಸರ ಬಿಡಿಸಿ ಬಿಳಿ ಕಾಗದದ ಮೇಲಿಡಿ. ಪೈಪರ್‌ನಲ್ಲಿ ಪರಾಗಕೋಶ ಎರಡು ಕೋಣೆಯದು, ಪೆಪರೋಮಿಯಾದಲ್ಲಿ ಎರಡೂ ಕೂಡಿ ಒಂದೇ ಆಗಿ, ಒಂದೇ ಸೀಳಿನಲ್ಲಿ ಬಿರಿಯುತ್ತದೆ. ಇದು 10 ಪಟ್ಟಿನ ಲೆನ್ಸಿಗೆ ಕಷ್ಟ. ಕಾಲೇಜಿನ ಮೈಕ್ರೋಸ್ಕೋಪ್ ಸಿಕ್ಕರೆ ಮಾತ್ರ ಮಾಡಿ.

4. ಕೊನೆಗೆ ತೆನೆ ಎಲ್ಲಿಂದ ಹೊರಟಿದೆ ನೋಡಿ. ಪೈಪರ್‌ನಲ್ಲಿ ತೆನೆ ಎಲೆಯ ಎದುರಿಗೆ, ಗೆಣ್ಣಿನ ಆಚೆ ಬದಿಯಲ್ಲಿ ಇರುತ್ತದೆ. ಪೆಪರೋಮಿಯಾದಲ್ಲಿ ತುದಿಯಲ್ಲಿ, ಎಲೆಯ ಕಂಕುಳಲ್ಲಿ, ಕೆಲವೊಮ್ಮೆ ಎಲೆಯ ಎದುರಿಗೂ ಬರಬಹುದು. ಪೈಪರ್‌ನಲ್ಲಿ ಎಲೆಗಳು ಒಂದು ಬಿಟ್ಟು ಒಂದು. ಪೆಪರೋಮಿಯಾದಲ್ಲಿ ಒಂದು ಬಿಟ್ಟು ಒಂದು, ಎದುರುಬದುರು, ಅಥವಾ ಒಂದೇ ಗೆಣ್ಣಿನಲ್ಲಿ ಮೂರು ನಾಲ್ಕು ಸುತ್ತುಗಟ್ಟಿ, ಹೇಗೂ ಇರಬಹುದು. ಅಂದರೆ ಒಂದೇ ಗೆಣ್ಣಿನಲ್ಲಿ ನಾಲ್ಕು ಎಲೆ ಕಂಡರೆ ಅದು ಪೈಪರ್ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಒಂದು ಹೂವು ನೋಡಿ ತೀರ್ಮಾನ ಮಾಡಬೇಡಿ. ತೆನೆಯ ಬುಡ, ನಡು, ತುದಿಯಿಂದ ತಲಾ 5 ಹೂವು ಎಣಿಸಿ. 15ರಲ್ಲಿ 12 ಒಂದೇ ರೀತಿ ಇದ್ದರೆ ಅದನ್ನು ಬರೆಯಿರಿ. ಉಳಿದ ಮೂರರ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಿರಿ, ಒರೆಸಬೇಡಿ.

## ಹಂತ 4: ಪೈಪರ್ ಆದರೆ ಮುಂದೆ

ಈಗ ಎಲೆ ನೋಡಬಹುದು. ಆದರೆ ಆಕಾರ ಅಲ್ಲ, ನರ ಮತ್ತು ತೊಟ್ಟು.

ಹಿಪ್ಪಲಿ. ಇದನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ, ಬುಡದ ಎಲೆ ತುದಿಯ ಎಲೆ ಎರಡನ್ನೂ ತಂದಿದ್ದರೆ. ಕೆಳಗಿನ ಎಲೆಗೆ ಉದ್ದ ತೊಟ್ಟು, ಹೃದಯದ ಆಕಾರ. ಮೇಲೆ ಹೋದಂತೆ ತೊಟ್ಟು ಗಿಡ್ಡವಾಗುತ್ತಾ, ತುದಿಯ ಎಲೆಗೆ ತೊಟ್ಟೇ ಇಲ್ಲದೆ ಕಾಂಡವನ್ನು ತಬ್ಬಿಕೊಳ್ಳುತ್ತದೆ. ನರಗಳೆಲ್ಲಾ ಎಲೆಯ ಬುಡದಿಂದಲೇ ಹೊರಡುತ್ತವೆ. ಬಳ್ಳಿ ನೆಲದ ಮೇಲೆ ಹರಡುತ್ತದೆ. ತೆನೆ ನೆಟ್ಟಗೆ ನಿಲ್ಲುತ್ತದೆ, ಹೆಣ್ಣು ತೆನೆ ಗಿಡ್ಡ ಮತ್ತು ದಪ್ಪ.

ಕರಿಮೆಣಸು. ತೆನೆ ಜೋತು ಬೀಳುತ್ತದೆ. ಕಾಳುಗಳು ಬಿಡಿಬಿಡಿ, ತೊಟ್ಟಿಲ್ಲದೆ ದಂಟಿಗೆ ಕೂತಿರುತ್ತವೆ, ಹಣ್ಣಾದಾಗ ಕೆಂಪು. ಎಲೆಯ ಮೇಲಿನ ಜೋಡಿ ನರಗಳು ಬುಡದಿಂದ ಒಂದೂವರೆ ಎರಡು ಸೆಂಟಿಮೀಟರ್ ಮೇಲೆ, ಒಂದು ಸ್ವಲ್ಪ ಕೆಳಗೆ ಇನ್ನೊಂದು ಸ್ವಲ್ಪ ಮೇಲೆ ಹೊರಡುತ್ತವೆ. ಹೂವಿನ ಹೊದಿಕೆ ಉದ್ದನೆಯದು, ದಂಟಿಗೆ ಅಂಟಿಕೊಂಡಿರುತ್ತದೆ. ತೋಟದ ತಳಿಗಳಲ್ಲಿ ಹೆಚ್ಚಾಗಿ ಗಂಡು ಹೆಣ್ಣು ಒಂದೇ ಹೂವಿನಲ್ಲಿರುತ್ತವೆ, ಕಾಡಿನ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ.

ವೀಳ್ಯ. ಮೇಲಿನ ಜೋಡಿ ನರಗಳು ಹೆಚ್ಚಾಗಿ ಎದುರುಬದುರು ಹೊರಡುತ್ತವೆ. ಹೂವಿನ ಹೊದಿಕೆ ದುಂಡನೆಯ ಗುರಾಣಿಯಂತೆ, ಹಿಡಿ ನಡುವೆ ಇರುತ್ತದೆ. ಹಿಪ್ಪಲಿಯಲ್ಲೂ ಹೀಗೇ. ಕಾಯಿಗಳು ಒಂದಕ್ಕೊಂದು ಕೂಡಿಕೊಂಡು ಇಡೀ ತೆನೆ ಒಂದೇ ತಿರುಳಿನ ಕಡ್ಡಿಯಂತೆ ಆಗುತ್ತದೆ. ಆದರೆ ಎಲೆಗಾಗಿ ಬೆಳೆಸಿ ಸತತವಾಗಿ ಕಿತ್ತುಕೊಳ್ಳುವ ಬಳ್ಳಿಯಲ್ಲಿ ತೆನೆ ಕಾಣುವುದು ಅಪರೂಪ. ಪಾನ್ ಅಂಗಡಿಯ ಎಲೆ ಪಕ್ಕದಲ್ಲಿಟ್ಟುಕೊಂಡು ನರ ಹೋಲಿಸಿ, ವಾಸನೆ ಹೋಲಿಸಿ. ಅಂಬಾಡಿ, ಕಲ್ಕತ್ತಾ, ಬನಾರಸಿ ಅನ್ನುವವು ತಳಿ ಅಥವಾ ವ್ಯಾಪಾರದ ಹೆಸರುಗಳು. ಅವನ್ನು ಪ್ರಭೇದದ ಜಾಗದಲ್ಲಿ ಬರೆಯಬೇಡಿ. ಪ್ರಭೇದ ಒಂದೇ, ಪೈಪರ್ ಬೀಟಲ್.

ತರಗತಿಗೆ ಜೀವಂತ ಮಾದರಿ ಬೇಕಾದರೆ ಬುಷ್ ಪೆಪ್ಪರ್ ತಂದು ಇಟ್ಟುಕೊಳ್ಳಿ. ಮೆಣಸಿನ ಫಲ ಕೊಡುವ ಅಡ್ಡ ಕವಲನ್ನು ಬೇರು ಬರಿಸಿ ಮಾಡಿದ ಗಿಡ ಅದು. ಹತ್ತುವುದಿಲ್ಲ, ಕುಂಡದಲ್ಲೇ ತೆನೆ ಬಿಡುತ್ತದೆ. ನಮ್ಮ ಬಿಸಿಲಿಗೆ ಉತ್ತರದ ಕಡೆಯ ನೆರಳು, ದಿನಾ ಎರಡು ಹೊತ್ತು ತೇವ ಬೇಕು.

## ಹಂತ 5: ಪೆಪರೋಮಿಯಾ ಆದರೆ ಮುಂದೆ

ಮೊದಲು ಕಳೆಯನ್ನು ಬೇರೆ ಮಾಡಿ. ಪೆಲ್ಯುಸಿಡಾ ಒಂದೇ ವರ್ಷ ಬದುಕುವ ಗಿಡ. ಗೇಣುದ್ದದ ಪಾರದರ್ಶಕ ಕಾಂಡ, ತೆಳು ಹೃದಯಾಕಾರದ ಹೊಳೆಯುವ ಎಲೆ, ಇಲಿ ಬಾಲದಂತೆ ಸಣ್ಣ ತೆನೆ, ಅದರ ಮೇಲೆ ಸಾಸಿವೆಗಿಂತ ತುಂಬಾ ಚಿಕ್ಕ ಕಾಯಿ. ಅಮೆರಿಕದ ಉಷ್ಣ ಪ್ರದೇಶದಿಂದ ಬಂದು ಇಲ್ಲಿ ನೆಲೆ ನಿಂತ ಗಿಡ. ಜುಲೈಯಿಂದ ಅಕ್ಟೋಬರ್ ಒಳಗೆ ಹುಡುಕಿದರೆ ಬೇಗ ಸಿಗುತ್ತದೆ.

ಉಳಿದವಕ್ಕೆ ಎಲೆಯನ್ನು ಅಡ್ಡ ಕೊಯ್ಯಿರಿ. ಬ್ಲೇಡು ಹೊಸದಿರಬೇಕು. ದಪ್ಪ ಎಲೆಯ ಪೆಪರೋಮಿಯಾದಲ್ಲಿ ಮೇಲ್ಭಾಗದ ದೊಡ್ಡ ಪಾಲು ನೀರಿನಂತೆ ತಿಳಿಯಾಗಿರುತ್ತದೆ, ಅದರ ಕೆಳಗೆ ಗಾಢ ಹಸಿರಿನ ತೆಳು ಗೆರೆ, ಅದರ ಕೆಳಗೆ ತಿಳಿ ಹಸಿರು. ಮೇಲಿನ ತಿಳಿ ಪದರ ನೀರು ಕೂಡಿಡುವ ಜಾಗ. ಕೆಲವು ಪ್ರಭೇದಗಳಲ್ಲಿ ಎಲೆ ದೋಣಿಯಂತೆ ಮಡಚಿ, ಮೇಲಿನ ಅಂಚಿನಲ್ಲಿ ಗಾಜಿನ ಕಿಟಕಿಯಂತಹ ಗೆರೆ ಉಳಿದಿರುತ್ತದೆ. ಬೆಳಕಿಗೆ ಹಿಡಿದರೆ ಅದು ಹೊಳೆಯುತ್ತದೆ. ಡೊಲಾಬ್ರಿಫಾರ್ಮಿಸ್, ಗ್ರೇವಿಯೋಲೆನ್ಸ್ ಹೀಗಿರುತ್ತವೆ. ಗ್ರೇವಿಯೋಲೆನ್ಸ್ ಎಲೆಯ ಕೆಳಮೈ ಕೆಂಪು.

ನರ್ಸರಿಯಲ್ಲಿ ಜಾಸ್ತಿ ಸಿಗುವವಕ್ಕೆ ಒಂದೊಂದು ಸಾಲು ಸಾಕು. ಎಲೆ ಸುಕ್ಕುಸುಕ್ಕಾಗಿದ್ದರೆ ಕ್ಯಾಪೆರಾಟಾ. ಕಲ್ಲಂಗಡಿಯ ಸಿಪ್ಪೆಯಂತೆ ಬೆಳ್ಳಿ ಪಟ್ಟೆ, ಕೆಂಪು ತೊಟ್ಟು, ಆ ತೊಟ್ಟು ಎಲೆಯ ಅಂಚಿಗಲ್ಲದೆ ಕೆಳಮೈಗೆ ಸೇರಿದ್ದರೆ ಆರ್ಜೈರಿಯಾ. ಚಮಚದಂತಹ ದಪ್ಪ ಎಲೆ, ನೆಟ್ಟಗೆ ಬೆಳೆದರೆ ಆಬ್ಟುಸಿಫೋಲಿಯಾ. ಗೆಣ್ಣಿಗೆ ನಾಲ್ಕು ಪುಟ್ಟ ಎಲೆ ಸುತ್ತುಗಟ್ಟಿದ್ದರೆ ಟೆಟ್ರಾಫಿಲ್ಲಾ. ಈ ಕೊನೆಯದು ನಮ್ಮ ಪಶ್ಚಿಮ ಘಟ್ಟದ ಮರಗಳ ಮೇಲೂ ಬೆಳೆಯುತ್ತದೆ.

ಇಷ್ಟು ಪ್ರಭೇದಗಳನ್ನು ಎಲೆ ನೋಡಿ ಹೇಳಬಹುದು, ಯಾಕೆಂದರೆ ನರ್ಸರಿಯಲ್ಲಿ ಸಿಗುವ ಪಟ್ಟಿ ಚಿಕ್ಕದು. ಕಾಡಿನ ಗಿಡಕ್ಕೆ ಇದೇ ಅಭ್ಯಾಸ ತಂದರೆ ತಪ್ಪಾಗುತ್ತದೆ. 2015ರಲ್ಲಿ ಡಿಎನ್‌ಎ ಹೋಲಿಸಿ ಪೆಪರೋಮಿಯಾವನ್ನು 14 ಉಪಕುಲಗಳಾಗಿ ವಿಂಗಡಿಸಿದ್ದಾರೆ. ಎಲೆಯ ರೂಪ ಎಷ್ಟೋ ಸಲ ಸಂಬಂಧವಿಲ್ಲದ ಗುಂಪುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡದ್ದು. ಕಾಯಿಯ ಆಕಾರ, ಅದರ ತುದಿ, ತೊಟ್ಟು ಇದೆಯಾ ಇಲ್ವಾ ಅನ್ನುವುದು ಜಾಸ್ತಿ ನಂಬಿಕಸ್ತ. ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಎಲೆಗೆ ಒಂದು ಚಿತ್ರ ಬರೆದರೆ ಕಾಯಿಗೆ ಎರಡು ಚಿತ್ರ ಬರೆಯಿರಿ.

## ಹಂತ 6: ಕಿರಾಣಿ ಅಂಗಡಿಯ ಮಾದರಿ

‘ಸಾವ್ಕಾರ್ರೆ, ಹತ್ತ್ ಗ್ರಾಂ ಹಿಪ್ಪಲಿ, ಹತ್ತ್ ಗ್ರಾಂ ಕಬಾಬ್‌ಚೀನಿ, ಹತ್ತ್ ಗ್ರಾಂ ಕಾಳುಮೆಣಸು ಕೊಡ್ರಿ’ ಅಂದರೆ ಮುಗಿಯಿತು. ಮೂರನ್ನೂ ಬೇರೆ ಬೇರೆ ಬಟ್ಟಲಲ್ಲಿ ರಾತ್ರಿ ನೆನೆ ಹಾಕಿ.

ಬೆಳಗ್ಗೆ ಹಿಪ್ಪಲಿಯನ್ನು ಉದ್ದಕ್ಕೆ ಸೀಳಿ. ನಡುವೆ ದಂಟು, ಅದರ ಎರಡೂ ಕಡೆ ಗಸಗಸೆಯಷ್ಟು ಬೀಜಗಳ ಸಾಲು. ಅಂಗಡಿಯವರು ಒಂದು ಕಾಯಿ ಅಂತ ಕೊಟ್ಟದ್ದು ನಿಜವಾಗಿ ಒಂದು ಇಡೀ ತೆನೆ. ಒಂದೊಂದು ಗುಬುಟೂ ಒಂದೊಂದು ಹೂವಿನಿಂದ ಆದ ಕಾಯಿ. ಕಾಳುಮೆಣಸಿನಲ್ಲಿ ಒಂದು ಕಾಳು ಅಂದರೆ ಒಂದೇ ಹೂವಿನ ಒಂದೇ ಕಾಯಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ‘ಕೂಡಿದ ಕಾಯಿ, ಬಿಡಿ ಕಾಯಿ’ ಅನ್ನುವ ವ್ಯತ್ಯಾಸ ಒಮ್ಮೆಲೇ ತಿಳಿಯುತ್ತದೆ.

ಕಬಾಬ್‌ಚೀನಿಗೆ ಬಾಲಮೆಣಸು, ಗಂಧಮೆಣಸು ಅಂತಲೂ ಹೆಸರು. ಕಾಳಿಗೆ ಬಾಲ ಇದೆ. ಅದು ತೊಟ್ಟಲ್ಲ. ಉಗುರಿನಿಂದ ಕಿತ್ತು ನೋಡಿ, ಸಿಪ್ಪೆಯೇ ಉದ್ದಕ್ಕೆ ಎಳೆದುಕೊಂಡು ಬಾಲವಾಗಿರುವುದರಿಂದ ಅದು ಸಲೀಸಾಗಿ ಬಿಡುವುದಿಲ್ಲ. ಕಾಳುಮೆಣಸಿನಲ್ಲಿ ಬಾಲ ಇಲ್ಲ, ಬುಡದಲ್ಲಿ ಒಂದು ಗುರುತು ಮಾತ್ರ.

ಇಲ್ಲಿ ಎರಡು ಎಚ್ಚರಿಕೆ. ಕಾಳುಮೆಣಸಿನಲ್ಲಿ ಒಣ ಪಪ್ಪಾಯಿ ಬೀಜ ಬೆರೆತಿರಬಹುದು. ಅದು ಮೊಟ್ಟೆಯಾಕಾರ, ಖಾರ ಘಾಟು ಇಲ್ಲ, ಹೆಚ್ಚಾಗಿ ನೀರಲ್ಲಿ ತೇಲುತ್ತದೆ. ಆದರೆ ಜೊಳ್ಳು ಮೆಣಸೂ ತೇಲುತ್ತದೆ, ಆದ್ದರಿಂದ ತೇಲಿದ್ದನ್ನು ಕೊಯ್ದು ನೋಡಿ. ಎರಡನೆಯದು, ದಪ್ಪ ಹಿಪ್ಪಲಿ. ಹಿಪ್ಪಲಿ ಅಂತ ಮಾರುವುದರಲ್ಲಿ ಪೈಪರ್ ರೆಟ್ರೋಫ್ರಾಕ್ಟಮ್ ಅನ್ನುವ ಬೇರೆ ಪ್ರಭೇದದ ತೆನೆಯೂ ಇರಬಹುದು. ಬರೀ ದಪ್ಪ ನೋಡಿ ಒಂದು ಹೆಸರು ಕೊಡಬೇಡಿ. ‘ಹಿಪ್ಪಲಿ, ಅಂಗಡಿ ಮಾದರಿ’ ಅಂತ ಬರೆದು ಬಿಡಿ.

## ಹಂತ 7: ನಿಮ್ಮದೇ ಕೀಲಿ ಬರೆಯಿರಿ

ಸಸ್ಯಶಾಸ್ತ್ರದ ಕೀಲಿ ಅಂದರೆ ಜೋಡಿ ಪ್ರಶ್ನೆಗಳ ಸರಪಳಿ. ಪ್ರತಿ ಜೋಡಿಯಲ್ಲೂ ಒಂದೇ ಅಂಗದ ಬಗ್ಗೆ, ಒಂದನ್ನೊಂದು ಅಲ್ಲಗಳೆಯುವ ಎರಡು ಮಾತು ಇರಬೇಕು. ‘ಎಲೆ ದೊಡ್ಡದು, ತೆನೆ ಚಿಕ್ಕದು’ ಅನ್ನುವ ಜೋಡಿ ಕೆಲಸಕ್ಕೆ ಬರುವುದಿಲ್ಲ. ದೊಡ್ಡದು ಅಂದರೆ ಎಷ್ಟು? ಎಲೆಗೂ ತೆನೆಗೂ ಏನು ಹೋಲಿಕೆ? ಹೀಗೆ ಬರೆಯಿರಿ:

1. ಶಲಾಕಾಗ್ರ ಒಂದೇ: 2ಕ್ಕೆ ಹೋಗಿ. ಶಲಾಕಾಗ್ರ 3 ರಿಂದ 5 ಸೀಳು, ಅಥವಾ ತೆನೆಯಲ್ಲಿ ಗಂಡು ಹೂವು ಮಾತ್ರ: 3ಕ್ಕೆ ಹೋಗಿ.
2. ಎಲೆಗಳು ಗೆಣ್ಣಿಗೆ ನಾಲ್ಕರಂತೆ: ಪೆಪರೋಮಿಯಾ ಟೆಟ್ರಾಫಿಲ್ಲಾ. ಎಲೆಗಳು ಒಂದು ಬಿಟ್ಟು ಒಂದು, ಕಾಂಡ ಪಾರದರ್ಶಕ: ಪೆಪರೋಮಿಯಾ ಪೆಲ್ಯುಸಿಡಾ.
3. ತುದಿಯ ಎಲೆಗೆ ತೊಟ್ಟಿಲ್ಲ, ಕಾಂಡ ತಬ್ಬುತ್ತದೆ: ಹಿಪ್ಪಲಿ. ಎಲ್ಲಾ ಎಲೆಗೂ ತೊಟ್ಟು ಇದೆ: 4ಕ್ಕೆ ಹೋಗಿ.
4. ಹೂವಿನ ಹೊದಿಕೆ ಉದ್ದನೆ, ದಂಟಿಗೆ ಅಂಟಿದೆ: ಕರಿಮೆಣಸು. ಹೊದಿಕೆ ದುಂಡನೆ, ಗುರಾಣಿಯಂತೆ: ವೀಳ್ಯ.

ಇದು ನೀವು ತಂದ ಐದು ಗಿಡಗಳಿಗೆ ಮಾತ್ರ ಕೆಲಸ ಮಾಡುವ ಕೀಲಿ. ಆರನೆಯ ಗಿಡ ಬಂದರೆ ತಿದ್ದಬೇಕು. ಬರೆದ ಮೇಲೆ ಗಿಡಗಳನ್ನು ನೋಡದೇ ಇರುವ ಗೆಳೆಯರೊಬ್ಬರ ಕೈಗೆ ಕೀಲಿ ಮತ್ತು ಮಾದರಿ ಕೊಟ್ಟು, ನೀವು ಸುಮ್ನೆ ಕೂತುಕೊಳ್ಳಿ. ಅವರು ಯಾವ ಜೋಡಿಯ ಹತ್ತಿರ ತಡವರಿಸುತ್ತಾರೋ ಆ ಜೋಡಿಯನ್ನು ಮತ್ತೆ ಬರೆಯಬೇಕು.

## ಹಂತ 8: ಒತ್ತಿ ಒಣಗಿಸುವುದು, ಚೀಟಿ ಬರೆಯುವುದು

ಪೈಪರ್ ಬಳ್ಳಿಯನ್ನು ಪತ್ರಿಕೆಯ ನಡುವೆ ಇಟ್ಟು ಭಾರ ಹೇರಿ. ಮೊದಲ ಮೂರು ದಿನ ದಿನಾ ಕಾಗದ ಬದಲಿಸದಿದ್ದರೆ ಎಲೆ ಕಪ್ಪಾಗುತ್ತದೆ.

ಪೆಪರೋಮಿಯಾ ಹಾಗೆ ಒಣಗುವುದಿಲ್ಲ. ಒಳಗೆ ನೀರಿರುವುದರಿಂದ ಪತ್ರಿಕೆಯ ನಡುವೆಯೂ ವಾರಗಟ್ಟಲೆ ಜೀವ ಹಿಡಿದಿರುತ್ತದೆ, ಆಮೇಲೆ ಗೆಣ್ಣಿನಲ್ಲೇ ಎಲೆಗಳು ಕಳಚಿ ಬೀಳುತ್ತವೆ. ಕೊನೆಗೆ ಬರೀ ಕಡ್ಡಿ ಉಳಿಯುತ್ತದೆ. ಅದಕ್ಕೆ ಒತ್ತುವ ಮೊದಲು ಕುದಿಯುವ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದು, ಬಟ್ಟೆಯಲ್ಲಿ ಒರೆಸಿ ಇಡಿ. ತೆನೆಯನ್ನು ಮಾತ್ರ ಅದ್ದುವ ಮೊದಲೇ ಕಿತ್ತು ಬೇರೆ ಚಿಕ್ಕ ಲಕೋಟೆಯಲ್ಲಿ ಹಾಕಿ.

ಚೀಟಿಯಲ್ಲಿ ಹೆಸರಿಗಿಂತ ಮೊದಲು ಜಾಗ, ತಾರೀಕು, ನೆರಳಾ ಬಿಸಿಲಾ, ಕುಂಡವಾ ನೆಲವಾ, ತಾಜಾ ಇದ್ದಾಗಿನ ಬಣ್ಣ ಮತ್ತು ವಾಸನೆ ಬರೆಯಿರಿ. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಹೋಗುತ್ತದೆ. ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ಯಾವ ಗುರುತು ನೋಡಿ ಆ ಹೆಸರಿಗೆ ಬಂದಿರಿ ಅನ್ನುವುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

## ತೆನೆ ಸಿಗಲೇ ಇಲ್ಲ ಅಂದರೆ?

ನಮ್ಮ ಕಡೆ ಇದೇ ಜಾಸ್ತಿ ಆಗುವುದು. ಯಾದಗಿರಿಯ ಅಂಗಳದಲ್ಲಿ, ಬೀದರಿನ ಬಾಲ್ಕನಿಯಲ್ಲಿ ಮೆಣಸಿನ ಬಳ್ಳಿ ಬದುಕುತ್ತದೆ, ತೆನೆ ಬಿಡುವುದಿಲ್ಲ. ಆಗ ಗೆಣ್ಣು, ನರ, ವಾಸನೆ ನೋಡಿ ಕುಲದವರೆಗೆ ಬನ್ನಿ, ಅಲ್ಲಿಗೆ ನಿಲ್ಲಿ. ‘ಪೈಪರ್, ಪ್ರಭೇದ ಗುರುತಿಸಿಲ್ಲ, ತೆನೆ ಸಿಕ್ಕಿಲ್ಲ’ ಅಂತ ಬರೆದ ಚೀಟಿ ಪೂರ್ತಿ ಸರಿಯಾದ ಚೀಟಿ. ಅಂದಾಜಿಗೆ ‘ನೈಗ್ರಮ್’ (ಕರಿಮೆಣಸಿನ ಪ್ರಭೇದದ ಹೆಸರು) ಅಂತ ಬರೆದರೆ ಮುಂದೆ ಅದನ್ನು ನೋಡುವ ಹತ್ತು ಮಕ್ಕಳು ಅದನ್ನೇ ನಂಬುತ್ತಾರೆ.

ಕರಿಮೆಣಸಿನ ತೆನೆ ಮುಂಗಾರು ಹಿಡಿದ ಮೇಲೆ, ಜೂನ್ ಜುಲೈ ಹೊತ್ತಿಗೆ ಹೊಸ ಚಿಗುರಿನ ಜೊತೆ ಬರುತ್ತದೆ. ಬಳ್ಳಿಯ ಅಡ್ಡ ಕವಲುಗಳಿಗೆ ಈಗಲೇ ಒಂದು ಬಣ್ಣದ ದಾರ ಕಟ್ಟಿಡಿ. ಮೊದಲ ಎರಡು ಒಳ್ಳೆಯ ಮಳೆ ಆದ ಮೇಲೆ ದಾರ ಕಟ್ಟಿದ ಕವಲನ್ನು ವಾರಕ್ಕೊಮ್ಮೆ ನೋಡಿ. ಹೊಸ ಎಲೆಯ ಎದುರಿಗೆ ಹಸಿರು ದಾರದಂತೆ ಏನಾದರೂ ಇಳಿದಿದ್ದರೆ, ಅದರಲ್ಲಿ ಬಿಳಿ ನಕ್ಷತ್ರಗಳು ಅರಳುವವರೆಗೆ ಕಾಯಿರಿ, ಆಮೇಲೆ ಕೀಳಿ.